ಮುಂದಿನ ಸೀಟಿನ ನೀರು

ನಮ್ಮೂರಿನ ಕೆರೆ ಹಳೇಪೇಟೆಯ ಮೇಲೆ ಬಂದು ಕೂತು ಆಗಲೇ ಬಹಳ ವರ್ಷಗಳಾಗಿದ್ದವು. ಅದಕ್ಕೂ ಮುಂಚೆ ಅದು ಈಗಿನ ಬಸ್‌ಸ್ಟ್ಯಾಂಡಿನ ಜಾಗದಲ್ಲಿತ್ತು. ಅದಕ್ಕೂ ಹಿಂದೆ ಗುಡ್ಡದ ಬುಡದಲ್ಲಿತ್ತಂತೆ, ಅದನ್ನು ನಾನು ನೋಡಿಲ್ಲ. ಒಂದು ಕಡೆ ಬೇಸರವಾದರೆ ಎದ್ದು ಇನ್ನೊಂದು ಕಡೆ ಹೋಗಿ ಕೂರುವುದು ಅದರ ಸ್ವಭಾವ. ಬರುವ ಮುಂಚೆ ಹೊಸ ಜಾಗದ ನೆಲದಲ್ಲಿ ಪಸೆ ಏಳುತ್ತದೆ. ಪಸೆ ಕಂಡವರು ಬೀದಿಯ ಮೊದಲ ಕಂಬಕ್ಕೆ ಒಂದು ಒದ್ದೆ ಬಟ್ಟೆ ಕಟ್ಟಬೇಕು. ಕಟ್ಟಿದವರು ಯಾರೆಂದು ಕೇಳುವ ಪದ್ಧತಿಯಿಲ್ಲ. ಬೀದಿಯವರು ಸಾಮಾನು ಕಟ್ಟಿಕೊಂಡು ನೆಂಟರ ಮನೆಗೋ, ಬಸ್‌ಸ್ಟ್ಯಾಂಡಿನ ಹಿಂದೆ ಇದಕ್ಕೆಂದೇ ಖಾಲಿ ಇಟ್ಟಿರುವ ತಗಡಿನ ಶೆಡ್ಡುಗಳಿಗೋ ಹೋಗುತ್ತಾರೆ. ಅತ್ತ ಕೆರೆ ಬಿಟ್ಟುಕೊಟ್ಟ ಜಾಗದ ಹಳೆಯ ಒಡೆಯರು ಸನಿಕೆ, ಪೊರಕೆ ಹಿಡಿದು ತಮ್ಮ ಮನೆಗಳಿಗೆ ವಾಪಸಾಗುತ್ತಾರೆ.

ಇಂಥ ಊರಿನಲ್ಲಿ ಬದುಕುವವರು ಒದ್ದೆಯ ವಿಷಯದಲ್ಲಿ ಬಹಳ ಹುಷಾರು. ಹೊಸ್ತಿಲು ತೊಳೆದ ಹೆಂಗಸರು ಕೂಡಲೇ ಒಣಬಟ್ಟೆಯಲ್ಲಿ ಒರೆಸುತ್ತಾರೆ. ಹೂವಿನ ಕುಂಡದ ಕೆಳಗೆ ತಟ್ಟೆ ಇಡದ ಮನೆಯಿಲ್ಲ. ಹೆಣ್ಣು ಕೊಡುವವರು ಹುಡುಗನ ಕೆಲಸದ ಜತೆಗೆ ಅವನ ಬೀದಿಗೆ ಕೆರೆ ಯಾವಾಗ ಬಂದಿತ್ತೆಂದೂ ವಿಚಾರಿಸುತ್ತಾರೆ. ಏಸಿ ಗಾಡಿಯವರು ಗಾಡಿ ನಿಲ್ಲಿಸಿದ ತಕ್ಷಣ ಕೆಳಗೊಂದು ಡಬ್ಬ ತಳ್ಳುತ್ತಾರೆ. ಇಲ್ಲವಾದರೆ ಏಸಿಯಿಂದ ತೊಟ್ಟಿಕ್ಕಿದ ನೀರಿನ ಕಲೆ ನೋಡಿ ಯಾರಾದರೂ ಮನೆ ಖಾಲಿ ಮಾಡಿಬಿಟ್ಟಾರು. ಹಾಗೆ ಖಾಲಿ ಮಾಡಿದವರೂ ಇದ್ದಾರೆ.

ನನ್ನದು ವ್ಯಾನು. ವಾರಕ್ಕೆ ಎರಡು ಸಲ ಊರಿನ ಕೆಲವರನ್ನು ಡಯಾಲಿಸಿಸ್‌ಗೆಂದು ದೂರದ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದು ಸಂಜೆ ವಾಪಸ್ ತರುತ್ತೇನೆ, ಉಳಿದ ದಿನ ಬಾಡಿಗೆ ಓಡಿಸುತ್ತೇನೆ. ನನ್ನ ಗಂಡ ಹಾಲಪ್ಪನವರದು ಹಿಟ್ಟಿನ ಗಿರಣಿ. ಗಾಣದ ಬೀದಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಗಿರಣಿ ಇತ್ತು, ಗಿರಣಿಯ ಹಿಂದೆ ನೆರಳಿನ ಓಣಿ. ಆ ಓಣಿಯಲ್ಲೇ ವ್ಯಾನು ನಿಲ್ಲುತ್ತಿತ್ತು.

ಆ ಬೇಸಿಗೆಯಲ್ಲಿ ಬಿಸಿಲು ವಿಪರೀತವಿತ್ತು. ಆಸ್ಪತ್ರೆಯಿಂದ ಹೊರಬರುವಾಗ ನನ್ನ ಪ್ಯಾಸೆಂಜರುಗಳು ಹಿಂಡಿದ ಬಟ್ಟೆಯ ಹಾಗಿರುತ್ತಿದ್ದರು. ಏಸಿ ಇಲ್ಲದೆ ಅವರನ್ನು ಅಷ್ಟು ದೂರ ತರುವುದು ಸಾಧ್ಯವೇ ಇರಲಿಲ್ಲ. ಒಂದು ಸಂಜೆ ಊರಿನ ಹತ್ತಿರದ ತಿರುವಿನಲ್ಲಿ ಗಾಡಿ ಎಡಕ್ಕೆ ವಾಲಿದಾಗ ಚಳಕ್ಕೆಂದು ಸದ್ದಾಯಿತು. ಮುಂದಿನ ಸೀಟಿನಲ್ಲಿ ಕೂತಿದ್ದ ಜೈನಾಬಮ್ಮನವರ ಪಾದದ ಮೇಲೆ ನೀರು ಹರಿದು ಬಾಗಿಲ ಕಡೆಗೆ ಹೋಯಿತು.

ಹಿಂದೆ ಕೂತಿದ್ದ ಚಿಕ್ಕವೀರಯ್ಯನವರು ಬಗ್ಗಿ ನೋಡಿದರು. ಜೀವಮಾನವೆಲ್ಲ ಬಸ್ ಕಂಡಕ್ಟರ್ ಆಗಿದ್ದವರು, ಧ್ವನಿ ಇನ್ನೂ ಹಾಗೇ ಇತ್ತು.

"ಹೋಲ್ಡಾನ್! ಗಾಡಿ ಒಳಗೆ ನೀರು ಬಂದೈತೆ! ನಿಲ್ಸಮ್ಮ, ನಿಲ್ಸು!"

"ಏಸಿ ನೀರು ಅಣ್ಣ, ಏನಾಗಲ್ಲ," ಎಂದೆ. ಅದು ಏಸಿ ನೀರೇ ಎಂದು ನನಗೂ ಗೊತ್ತಿರಲಿಲ್ಲ.

"ಏಸಿ ನೀರು ಹೊರಗೆ ಬೀಳ್ತೈತೆ. ಒಳಗೆ ಯಾಕೆ ಬರುತ್ತೆ? ನಮ್ಮ ಬೀದಿಗೆ ಈ ಗಾಡಿ ತರಬ್ಯಾಡ. ಪಸೆ ಕಾಲಿಗಂಟಿಕೊಂಡು ಬರ್ತೈತೆ, ನಮ್ಮಪ್ಪ ಹೇಳ್ತಿದ್ದ. ಇಲ್ಲೇ ಇಳಿಸು ನನ್ನ."

ಇಳಿದೇಬಿಟ್ಟರು. ನಡೆಯಲು ತ್ರಾಣವಿಲ್ಲದೆ ಮೈಲಿಗಲ್ಲಿನ ಮೇಲೆ ಕೂತರು, ಆದರೂ ಹತ್ತಲಿಲ್ಲ. ಅವರ ಸೊಸೆಗೆ ಫೋನು ಮಾಡಿ, ಅವಳು ಸ್ಕೂಟರಿನಲ್ಲಿ ಬರುವವರೆಗೂ ನಾವು ಗಾಡಿಯಲ್ಲಿ, ಅವರು ಕಲ್ಲಿನ ಮೇಲೆ, ಹೀಗೆ ಕಾದೆವು. ಮಿಕ್ಕವರು ಕಾಲು ಮೇಲೆತ್ತಿ ಸೀಟಿನ ಮೇಲೆ ಮಡಚಿಕೊಂಡಿದ್ದರು. ಮುಂದಿನ ಸಲ ಬಸ್ಸಿಗೇ ಹೋಗುತ್ತೇವೆಂದು ಒಬ್ಬರು ಮೆಲ್ಲಗೆ ಹೇಳಿದರು. ಡಯಾಲಿಸಿಸ್ ಮುಗಿಸಿ ಆ ಬಿಸಿಲಿನಲ್ಲಿ ಬಸ್ಸಿನಲ್ಲಿ ನಿಂತು ಬಂದರೆ ದಾರಿಯಲ್ಲೇ ಬೀಳುವುದು ಖಂಡಿತ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಾಲು ಎತ್ತದೆ ಕೂತಿದ್ದವರು ಜೈನಾಬಮ್ಮ ಒಬ್ಬರೇ.

ಎಲ್ಲರನ್ನೂ ಇಳಿಸಿದ ಮೇಲೆ, ಬಸ್‌ಸ್ಟ್ಯಾಂಡಿನ ಪಕ್ಕದ ಅವರ ಮನೆಯ ಹತ್ತಿರ ಗಾಡಿ ನಿಲ್ಲಿಸಿದೆ. ಅವರು ಇಳಿಯಲಿಲ್ಲ. ಒದ್ದೆ ಮ್ಯಾಟಿನ ಮೇಲೆ ಪಾದ ಊರಿಕೊಂಡು, "ಹೋದ ವಾರದಿಂದ್ಲೇ ಬರ್ತಾ ಐತೆ ಕಣವ್ವ," ಎಂದರು.

"ಮತ್ತೆ ಹೇಳಲಿಲ್ಲವಲ್ಲಮ್ಮ?"

"ಹೇಳಿದ್ರೆ ರಿಪೇರಿ ಮಾಡಿಸ್ತೀಯ." ನನ್ನ ಮುಖ ನೋಡದೆ ಕೇಳಿದರು, "ಪ್ರಮೀಳ, ಇದು ಕೆರೆ ನೀರಿರಬೋದಾ?"

ಅವರು ಯಾಕೆ ಕೇಳಿದರೆಂದು ಊರಿನಲ್ಲಿ ಎಲ್ಲರಿಗೂ ತಿಳಿಯುವಂಥದು. ಅವರ ಗಂಡ ಮೊಹಿದ್ದೀನ್ ಸಾಹೇಬರು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮನೆ ಮನೆಯ ಮುಂದೆ ತಿದಿ ಒತ್ತಿಕೊಂಡು ಕೂತು, ಹೆಂಗಸರನ್ನು ನಗಿಸುತ್ತ ಪಾತ್ರೆ ಬೆಳಗಿಕೊಡುತ್ತಿದ್ದರು. ಅವರು ತೀರಿಕೊಂಡಾಗ ಹಳೇಪೇಟೆಯ ಕಬರಸ್ತಾನದಲ್ಲಿ ಮಣ್ಣು ಮಾಡಿದರು. ಗೋರಿಯ ಮಣ್ಣು ಗಟ್ಟಿಯಾಗುವ ಮುಂಚೆಯೇ ಹಳೇಪೇಟೆಯ ಕಂಬಕ್ಕೆ ಬಟ್ಟೆ ಬಿತ್ತು, ಕೆರೆ ಬಂತು. ಅವತ್ತಿನಿಂದ ಜೈನಾಬಮ್ಮ ತಂಗಿಯ ಮಗಳ ಮನೆಯಲ್ಲಿದ್ದರು. ಮಕ್ಕಳಿರಲಿಲ್ಲ. ಕೆರೆ ಎದ್ದುಹೋಗಿ, ಗಂಡನ ಪಕ್ಕದಲ್ಲಿ ತನಗೂ ಒಂದಿಷ್ಟು ಜಾಗ ಸಿಗಬೇಕು, ಅದೊಂದೇ ಅವರ ಆಸೆ. ಅದನ್ನು ಅವರು ದುಃಖದಿಂದ ಹೇಳುತ್ತಿರಲಿಲ್ಲ, ಬಸ್ಸಿನಲ್ಲಿ ಸೀಟು ಹಿಡಿಯಬೇಕೆನ್ನುವ ಹಾಗೆ ಹೇಳುತ್ತಿದ್ದರು. ಆದರೆ ಆ ವರ್ಷ ಡಾಕ್ಟರು ಅವರ ವಿಷಯ ಮಾತಾಡುವಾಗ ನನ್ನನ್ನು ಬಾಗಿಲ ಹೊರಗೆ ಕರೆದು ಮಾತಾಡತೊಡಗಿದ್ದರು.

"ನಾಳೆ ಅಂತೋಣಿಗೆ ತೋರಿಸ್ತೀನಮ್ಮ. ನೋಡೋಣ," ಎಂದೆ.

"ನಾನೂ ಬರ್ತೀನಿ," ಎಂದರು.

ಅಂತೋಣಿಯ ಗ್ಯಾರೇಜು ಅವರ ಮನೆಯಿಂದ ನಾಲ್ಕು ಹೆಜ್ಜೆ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಜೈನಾಬಮ್ಮ ಅಲ್ಲಿ ಯಾವುದೋ ಗಾಡಿಯಿಂದ ಬಿಚ್ಚಿಟ್ಟ ಸೀಟಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಅಂತೋಣಿ ಮ್ಯಾಟು ಎತ್ತಿದ. ಕೆಳಗಿನ ಕಾರ್ಪೆಟ್ಟು ನೆನೆದ ರೊಟ್ಟಿಯ ಹಾಗಾಗಿತ್ತು, ಒತ್ತಿದರೆ ನೀರು. ಮುಗ್ಗಲು ವಾಸನೆ ಬೇರೆ.

"ಗಾಜಿನ ರಬ್ಬರು ಹೋಗಿದೆ ಅಕ್ಕ. ಅಲ್ಲಿಂದ ಇಳೀತಾ ಇದೆ," ಎಂದ ಧೈರ್ಯವಾಗಿ.

"ಮಳೆ ಬಿದ್ದು ಎಷ್ಟು ಕಾಲ ಆಯ್ತು ಅಂತೋಣಿ?"

"ಗಾಡಿ ತೊಳೆದಿರ್ತೀರಲ್ಲ."

ಪೈಪು ತಂದು ಮುಂದಿನ ಗಾಜಿನ ಮೇಲೆ ನೀರು ಬಿಟ್ಟ. ಒಳಗೆ ಒಂದು ಹನಿಯೂ ಬರಲಿಲ್ಲ. ಪೆಚ್ಚಾಗಿ ನಕ್ಕು, ಕಾರ್ಪೆಟ್ಟಿನ ನೀರನ್ನು ಬೆರಳಿಗೆ ಹಚ್ಚಿ ತಿಕ್ಕಿ ನೋಡಿದ. ರೇಡಿಯೇಟರಿನದಾಗಿದ್ದರೆ ಜಿಗುಟಾಗಿರುತ್ತಿತ್ತು, ಬಣ್ಣವಿರುತ್ತಿತ್ತು. ಇದು ಬರೀ ನೀರು ಎಂದ. 'ಬರೀ ನೀರು' ಎಂದ ಕೂಡಲೇ ಜೈನಾಬಮ್ಮ ಟೀ ಲೋಟ ಕೆಳಗಿಟ್ಟರು.

"ಗಾಡಿ ಕೆಳಗೆ ಡಬ್ಬ ಇಡ್ತೀರಲ್ಲ, ಅದರಲ್ಲಿ ನೀರು ತುಂಬ್ತಾ ಇತ್ತಾ?" ಎಂದು ಕೇಳಿದ.

ಆಗ ನನಗೆ ಹೊಳೆಯಿತು. ಡಬ್ಬ ಕೆಲವು ದಿನಗಳಿಂದ ಒಣಗಿಯೇ ಇತ್ತು. ಚೆಲ್ಲುವ ಕೆಲಸ ತಪ್ಪಿತಲ್ಲ ಎಂದು ನಾನು ಅದರ ಬಗ್ಗೆ ಯೋಚಿಸಿರಲೇ ಇಲ್ಲ.

"ಹಂಗಾದ್ರೆ ಡ್ರೈನ್ ಪೈಪು ಕಟ್ಟಿದೆ," ಎಂದು ಅಂತೋಣಿ ಉತ್ಸಾಹದಿಂದ ಗಾಡಿಯ ಕೆಳಗೆ ತೂರಿದ. ಅಲ್ಲಿಂದಲೇ ಕೂಗಿ ಕೂಗಿ ಹೇಳಿದ. ಏಸಿ ತಣ್ಣಗಾದಾಗ ಡ್ಯಾಶ್‌ಬೋರ್ಡಿನ ಹಿಂದಿರುವ ಕಾಯಿಲು ಬೆವರುತ್ತದೆ. ಆ ನೀರು ಒಂದು ತಟ್ಟೆಯಲ್ಲಿ ಸೇರಿ ಸಣ್ಣ ರಬ್ಬರ್ ಪೈಪಿನಿಂದ ಹೊರಗೆ ಹೋಗಬೇಕು. ಪೈಪು ಮುಚ್ಚಿದರೆ ತಟ್ಟೆ ತುಂಬಿ ಒಳಗೇ ಚೆಲ್ಲುತ್ತದೆ. "ಇಷ್ಟೇ ಅಕ್ಕ, ಮೂಗು ಕಟ್ಟಿದಂಗೆ."

ತಂತಿ ಹಾಕಿ ಕೆದಕಿದ. ಏನೋ ಗಟ್ಟಿಯಾದ್ದು ಅಡ್ಡ ಸಿಕ್ಕಿತು. ಮತ್ತೆ ಕೆದಕಿದ. ಒಂದು ಮಣ್ಣಿನ ಉಂಡೆ ಉದುರಿ ಅವನ ಎದೆಯ ಮೇಲೆ ಬಿತ್ತು, ಅದರ ಹಿಂದೆಯೇ ಬುಳುಬುಳು ಎಂದು ನೀರು ಸುರಿದು ಅವನ ಮುಖವೆಲ್ಲ ತೊಯ್ದುಹೋಯಿತು. ಉಗುಳುತ್ತ, ನಗುತ್ತ ಹೊರಬಂದು ಉಂಡೆಯನ್ನು ನನ್ನ ಕೈಗೆ ಹಾಕಿದ.

"ಕಣಜದ ಹುಳ ಅಕ್ಕ. ಮಣ್ಣಿನ ಗೂಡು ಕಟ್ಟುತ್ತಲ್ಲ, ಅದು. ತೂತು ಸಿಕ್ಕಿದ್ರೆ ಸಾಕು, ಸಂಸಾರ ಹೂಡುತ್ತೆ. ಬಾಯಿಗೆ ಒಂದು ಜಾಲರಿ ಹಾಕಿಕೊಡ್ತೀನಿ, ಇನ್ನು ಬರಲ್ಲ."

ಅವನು ಮುಖ ತೊಳೆಯಲು ಹೋದ. ನಾನು ಉಂಡೆಯನ್ನು ಎಸೆಯಲು ಹೊರಟಿದ್ದೆ. ಜೈನಾಬಮ್ಮ ಕೈಚಾಚಿ ಅದನ್ನು ಇಸಿದುಕೊಂಡರು. ಮುರಿದರು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು.

ನಮ್ಮೂರಿನ ಮಣ್ಣು ಕೆಂಪು. ಎಲ್ಲಿ ಅಗೆದರೂ ಕೆಂಪು. ಕಪ್ಪು ಮಣ್ಣಿರುವುದು ಕೆರೆಯ ಅಡಿಯಲ್ಲಿ ಮಾತ್ರ. ಅವರ ಅಂಗೈಯಲ್ಲಿದ್ದ ಮಣ್ಣು ಬೆಣ್ಣೆಯಷ್ಟು ನುಣುಪಾಗಿ, ಕಾಡಿಗೆಯಷ್ಟು ಕಪ್ಪಾಗಿತ್ತು. ಕಣಜ ಒದ್ದೆ ಮಣ್ಣನ್ನು ಊರಾಚೆಯಿಂದ ಹೊತ್ತು ತರುವುದಿಲ್ಲ, ಗೂಡಿನ ಹತ್ತಿರದಲ್ಲೇ ತೆಗೆಯುತ್ತದೆ.

"ಗಾಡಿ ದಿನಾ ಎಲ್ಲಿ ನಿಲ್ಲಿಸ್ತೀಯವ್ವ?" ಜೈನಾಬಮ್ಮ ಕೇಳಿದರು. ಅವರಿಗೆ ಗೊತ್ತಿತ್ತು, ಆದರೂ ಕೇಳಿದರು.

"ಗಿರಣಿ ಹಿಂದೆ."

ಮೊದಲು ಅವರ ಮುಖದಲ್ಲಿ ಒಂದು ಬೆಳಕು ಬಂದದ್ದನ್ನು ನಾನು ಕಂಡೆ. ನನ್ನನ್ನು ನೋಡಿದ ಮೇಲೆ ಅದನ್ನು ಅವರೇ ಆರಿಸಿಕೊಂಡದ್ದನ್ನೂ ಕಂಡೆ. ಎದ್ದು ಹೋಗಿ ಆ ಮಣ್ಣನ್ನು ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿನೊಳಗೆ ಉದುರಿಸಿ, ಸೆರಗಿಗೆ ಕೈ ಒರೆಸಿಕೊಂಡರು.

"ಮನೇಲಿ ಬೂದಿ ಐತಾ?"

ಪಸೆಯ ಮೇಲೆ ಬೂದಿ ಬಿದ್ದರೆ ಕೆರೆ ಮನಸ್ಸು ಬದಲಾಯಿಸುತ್ತದೆ. ಇದು ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿ ಬಿಟ್ಟು ಹೇಳದ ಮಾತು. ಹಾಗೆ ಮಾಡಬಾರದು, ಮಾಡುವವರು ಮಾಡುತ್ತಾರೆ.

"ಜೈನಾಬಮ್ಮ..."

"ಹೋಗಿ ಹಾಕು. ನಾನೇನೂ ನೋಡಿಲ್ಲ." ಅಷ್ಟು ಹೇಳಿ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ನಿಧಾನಕ್ಕೆ ಮನೆಯ ಕಡೆ ನಡೆದರು.

ಕಾರ್ಪೆಟ್ಟನ್ನು ಬಿಸಿಲಿಗೆ ಹಾಕಿ ಒಣಗಿಸಿ ಗಾಡಿ ತರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಗಿರಣಿಯಲ್ಲಿ ಇವರು ಯಾರದೋ ರಾಗಿ ಬೀಸುತ್ತಿದ್ದರು. ಹುಬ್ಬು, ಕಿವಿ ಎಲ್ಲ ಹಿಟ್ಟು. ನಾನು ಕೈಸನ್ನೆ ಮಾಡಿ ಕರೆದೆ. ಮೋಟಾರು ನಿಲ್ಲಿಸಿ ಬಂದರು. ಇಬ್ಬರೂ ಹಿಂದಿನ ಓಣಿಗೆ ಹೋದೆವು.

ಹುಡುಕುವುದೇನೂ ಬೇಕಾಗಲಿಲ್ಲ. ಗಿರಣಿಯ ಗೋಡೆ ನೆಲ ಸೇರುವ ಮೂಲೆಯಲ್ಲಿ, ಹಳೆಯ ಬೀಸುಕಲ್ಲು ಒರಗಿಸಿಟ್ಟಿದ್ದ ಕಡೆ, ಊಟದ ತಟ್ಟೆಯಷ್ಟಗಲ ನೆಲ ಕಪ್ಪಗಾಗಿತ್ತು. ಒಂದು ಕಣಜ ಬಂದು ಕೂತು, ಮಣ್ಣನ್ನು ಉಂಡೆ ಕಟ್ಟಿಕೊಂಡು, ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹಾರಿಹೋಯಿತು. ಇವರು ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ನೋಡಿದರು. ಬೆರಳಿನ ಹಿಟ್ಟು ಕಪ್ಪಾಯಿತು.

"ಯಾರು ಯಾರು ನೋಡಿದಾರೆ?" ಎಂದು ಕೇಳಿದರು.

"ನಾವಿಬ್ಬರು." ಜೈನಾಬಮ್ಮನ ವಿಷಯ ನಾನು ಆಗ ಹೇಳಲಿಲ್ಲ.

ಅವರು ಎದ್ದು ಗಿರಣಿಯ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆ ಗಿರಣಿಯನ್ನು ಕಟ್ಟಿದ್ದು ನಾವೇ. ಇಟ್ಟಿಗೆ ಹೊತ್ತಿದ್ದು ನಾವೇ. ನನ್ನ ಮಗಳು ಹೆಜ್ಜೆ ಹಾಕಲು ಕಲಿತದ್ದು ಆ ಗೋಡೆ ಹಿಡಿದುಕೊಂಡು. ಇವರು ಒಳಗೆ ಹೋಗಿ, ನೀರೊಲೆಯ ಬೂದಿಯನ್ನು ಪುಟ್ಟಿಯಲ್ಲಿ ತುಂಬಿ ತಂದು ಸುರಿದರು. ಕಾಲಿನಿಂದ ತುಳಿದು ಸಮ ಮಾಡಿದರು. ಬೀಸುಕಲ್ಲನ್ನು ಅದರ ಮೇಲೆ ಮಲಗಿಸಿದರು. ನಾನು ನೋಡುತ್ತ ನಿಂತಿದ್ದೆ, ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಕಲ್ಲಿನ ಇನ್ನೊಂದು ಅಂಚನ್ನು ಹಿಡಿದುಕೊಂಡೆ.

ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ಎಲ್ಲರೂ ಬಂದರು. ಗಾಡಿ ಸರಿಯಾಯಿತೆಂದು ಅಂತೋಣಿ ಊರಿಗೆಲ್ಲ ಸಾರಿದ್ದ. ಚಿಕ್ಕವೀರಯ್ಯನವರು ಹತ್ತುವ ಮುಂಚೆ ಪ್ರತಿ ಮ್ಯಾಟನ್ನೂ ಎತ್ತಿ, ಕೈಯಿಂದ ಮುಟ್ಟಿ ನೋಡಿ, "ರೈಟ್," ಎಂದರು. ಎಲ್ಲರೂ ನಕ್ಕರು. ಜೈನಾಬಮ್ಮನವರೂ ನಕ್ಕರು. ಮುಂದಿನ ಸೀಟಿನಲ್ಲಿ ಕೂತು ಒಣ ಮ್ಯಾಟಿನ ಮೇಲೆ ಪಾದವನ್ನು ಒಮ್ಮೆ ಹಿಂದೆ ಮುಂದೆ ಆಡಿಸಿದರು, ಅಷ್ಟೆ. ನನ್ನನ್ನು ಏನೂ ಕೇಳಲಿಲ್ಲ. ದಾರಿಯುದ್ದಕ್ಕೂ ತಂಗಿಯ ಮಗಳ ಮಗುವಿಗೆ ಹಲ್ಲು ಬಂದದ್ದನ್ನು ಹೇಳಿದರು.

ಅವತ್ತು ಡಯಾಲಿಸಿಸ್ ನಡುವೆ ಅವರ ಬಿಪಿ ಇಳಿದುಹೋಯಿತು. ಸಂಜೆ ನರ್ಸು ಮತ್ತು ನಾನು ಸೇರಿ ಎತ್ತಿಯೇ ಕೂರಿಸಬೇಕಾಯಿತು. ಏಸಿ ಮೆಲ್ಲಗೆ ಓಡುತ್ತಿತ್ತು. ಗಾಡಿಯಲ್ಲಿ ಎಲ್ಲರೂ ಮಲಗಿದ್ದರು, ಜೈನಾಬಮ್ಮ ಮಾತ್ರ ಗಾಜಿಗೆ ತಲೆ ಆನಿಸಿ ಎಚ್ಚರವಾಗಿದ್ದರು. ಊರಿಗೆ ಬರುವಾಗ ಕೆರೆಯ ಪಕ್ಕದಲ್ಲೇ ರಸ್ತೆ. ಪ್ರತಿ ಸಲ ಅಲ್ಲಿಗೆ ಬಂದಾಗ ಅವರು ಕುತ್ತಿಗೆ ತಿರುಗಿಸಿ, ಕೆರೆ ಮುಗಿಯುವವರೆಗೂ ನೀರನ್ನು ನೋಡುತ್ತಿದ್ದರು. ತುಟಿ ಏನೋ ಅಂದುಕೊಳ್ಳುತ್ತಿತ್ತು. ಅವತ್ತು ಕೆರೆ ಬಂತು, ಅವರು ತಿರುಗಲಿಲ್ಲ. ಎದುರಿನ ರಸ್ತೆಯನ್ನೇ ನೋಡುತ್ತ ಕೂತಿದ್ದರು. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ, "ನೀನು ರಸ್ತೆ ನೋಡವ್ವ," ಎಂದರು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಗಿರಣಿಯೊಳಗೆ ಹೋದೆ. ಗಿರಾಕಿಗಳಿರಲಿಲ್ಲ. ಇವರು ಜರಡಿ ಕೊಡವುತ್ತಿದ್ದರು.

"ರೀ, ಪಸೆ ವಿಷಯ ಜೈನಾಬಮ್ಮಂಗೆ ಗೊತ್ತು."

ಜರಡಿ ನಿಂತಿತು. "ಹೆಂಗೆ?"

ಹೇಳಿದೆ. ಉಂಡೆ ಮುರಿದದ್ದು, ಮೂಸಿದ್ದು, ಡ್ರಮ್ಮಿಗೆ ಹಾಕಿದ್ದು, ಎಲ್ಲ ಹೇಳಿದೆ. ಇವರಿಗೆ ಸಿಟ್ಟು ಬರುವುದೆಂದುಕೊಂಡೆ. ಜೈನಾಬಮ್ಮ ಊರಿಗೆಲ್ಲ ಹೇಳಿಬಿಡುತ್ತಾರೆಂಬ ಭಯ ಇವರ ಮುಖದಲ್ಲಿ ಬಂದದ್ದು ನಿಜ.

"ಏನಂದ್ಲು ಆಯಮ್ಮ?"

"ಹೋಗಿ ಬೂದಿ ಹಾಕು, ನಾನೇನೂ ನೋಡಿಲ್ಲ ಅಂದ್ರು."

"ಹಂಗಂದ್ಲಾ?"

"ಹೂಂ."

ಇವರು ಜರಡಿಯನ್ನು ಮೊಳೆಗೆ ತಗುಲಿಹಾಕಿದರು. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಹಾಕಿದರು. ಹಿಟ್ಟಿನ ಡಬ್ಬದ ಮೇಲೆ ಕೂತರು. ಮದುವೆಯಾದ ಹೊಸದರಲ್ಲಿ ಮೊಹಿದ್ದೀನ್ ಸಾಹೇಬರು ನಮ್ಮ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿಕೊಟ್ಟದ್ದನ್ನು ಜ್ಞಾಪಿಸಿಕೊಂಡರೋ, ಬರೀ ಮೋಟಾರನ್ನು ಎಲ್ಲಿಗೆ ಸಾಗಿಸುವುದೆಂದು ಯೋಚಿಸಿದರೋ ನನಗೆ ಗೊತ್ತಿಲ್ಲ. ನಾನೂ ಎದುರಿಗೆ ನೆಲದ ಮೇಲೆ ಕೂತೆ. ಬೀದಿಯಲ್ಲಿ ಯಾರೋ ಸೊಪ್ಪು ಮಾರಿಕೊಂಡು ಹೋದರು.

"ಬೈದಿದ್ರೆ ಚೆನ್ನಾಗಿತ್ತು," ಎಂದರು ಕೊನೆಗೆ. "ಊರಿಗೆಲ್ಲ ಹೇಳ್ತೀನಿ ಅಂತ ಹೆದರಿಸಿದ್ರೂ ಚೆನ್ನಾಗಿತ್ತು."

"ಹೌದು."

"ಮೋಟಾರು ಬಿಚ್ಚೋಕೆ ಜನ ಬೇಕು. ಬೀಸೋ ಕಲ್ಲುಗಳ್ನ ಒಬ್ರೇ ಎತ್ತೋಕಾಗಲ್ಲ."

"ಅಂತೋಣಿಗೆ ಹೇಳ್ತೀನಿ."

ಎದ್ದು ಸನಿಕೆ ತಗೊಂಡರು. ಓಣಿಯಲ್ಲಿ ಇನ್ನೂ ಬೆಳಕಿತ್ತು. ಇಬ್ಬರೂ ಸೇರಿ ಬೀಸುಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟೆವು. ಇವರು ಬೂದಿಯನ್ನು ಕೆರೆದು ಕೆರೆದು ಪುಟ್ಟಿಗೆ ತುಂಬಿದರು, ನಾನು ಉಳಿದದ್ದನ್ನು ಪೊರಕೆಯಿಂದ ಗುಡಿಸಿದೆ. ಕೆಳಗೆ ನೆಲ ಒಣಗಿ ಬಿರುಕು ಬಿಟ್ಟಿತ್ತು. ತಡಮಾಡಿಬಿಟ್ಟೆವೇನೋ, ಕೆರೆ ಆಗಲೇ ಮನಸ್ಸು ಬದಲಾಯಿಸಿತೇನೋ ಎಂದು ನನಗೆ ಗಾಬರಿಯಾಯಿತು. ನನ್ನ ಮನೆ ಉಳಿಯಿತಲ್ಲ ಎಂದು ಖುಷಿಪಡಬೇಕಾದವಳು ಅಲ್ಲಿ ಕೂತು ಆ ಬಿರುಕನ್ನು ನೋಡುತ್ತ ಅಳುವ ಹಾಗಾದೆ. ಇವರು ಅಂಗೈ ಊರಿ ಒತ್ತಿ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಕೈ ತೆಗೆದಾಗ ಅಂಗೈ ತೇವವಾಗಿತ್ತು.

"ಐತೆ," ಎಂದರು.

ಅವರ ಹೆಗಲ ಟವೆಲನ್ನೇ ಬಕೆಟ್ಟಿನಲ್ಲಿ ಅದ್ದಿ, ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಹೋಗಿ ಬೀದಿಯ ಮೊದಲ ಕಂಬಕ್ಕೆ ಕಟ್ಟಿ ಬಂದೆವು.

ಬೆಳಿಗ್ಗೆ ಬೀದಿಯಲ್ಲಿ ಗಲಾಟೆಯೇನೂ ಆಗಲಿಲ್ಲ. ಎದುರುಮನೆಯ ಮುದುಕಿ ಕಂಬ ನೋಡಿ ಬಂದು ಜಗಲಿಯ ಮೇಲೆ ಕೂತು ಸ್ವಲ್ಪ ಅತ್ತಳು, ಆಮೇಲೆ ಎದ್ದು ಉಪ್ಪಿನಕಾಯಿ ಭರಣಿಗಳಿಗೆ ಬಟ್ಟೆ ಸುತ್ತತೊಡಗಿದಳು. ಮೂಲೆಮನೆಯ ಅಣ್ಣತಮ್ಮಂದಿರು ಹಳೇಪೇಟೆಯ ತಮ್ಮ ಮನೆ ಮೇಲೇಳುತ್ತದೆಂದು ಲೆಕ್ಕ ಹಾಕಿ, ಖುಷಿಯನ್ನು ತೋರಿಸಬಾರದೆಂದು ಗಂಭೀರವಾಗಿ ಓಡಾಡಿದರು. ನಾವು ಗಿರಣಿಯನ್ನು ಬಿಚ್ಚಿ ನನ್ನ ವ್ಯಾನಿನಲ್ಲೇ ಒಂದು ತಗಡಿನ ಶೆಡ್ಡಿಗೆ ಸಾಗಿಸಿದೆವು. ಬಾಗಿಲು, ಕಿಟಕಿ ಎಲ್ಲ ತೆರೆದಿಟ್ಟು ಬಂದೆವು. ಮುಚ್ಚಿಟ್ಟರೆ ನೀರು ಒಡೆದುಕೊಂಡು ಒಳಗೆ ಹೋಗುತ್ತದೆ. ಹೊರಡುವಾಗ ಇವರು ಗಿರಣಿಯೊಳಗೆ ಹೋಗಿ ಸ್ವಲ್ಪ ಹೊತ್ತು ಇದ್ದು ಬಂದರು.

ಕೆರೆ ಸದ್ದಿಲ್ಲದೆ ಬಂತು. ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಗಾಣದ ಬೀದಿಯ ಕಡೆ ನೀರು ಹೊಳೆಯುತ್ತಿತ್ತು.

ಹಳೇಪೇಟೆಯ ನೆಲ ಕಾಲು ಊರುವಷ್ಟು ಗಟ್ಟಿಯಾದ ದಿನ ಜೈನಾಬಮ್ಮನವರನ್ನು ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಮನೆಗಳು ಕಪ್ಪು ಮಣ್ಣು ಮೆತ್ತಿಕೊಂಡು ನಿಂತಿದ್ದವು. ಜನ ಬಾಗಿಲಿನಿಂದ ಬುಟ್ಟಿಗಟ್ಟಲೆ ಕೆಸರು ಹೊರಹಾಕುತ್ತಿದ್ದರು, ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತಿದ್ದರು. ಕಬರಸ್ತಾನ ಪೇಟೆಯ ತುದಿಯ ದಿಬ್ಬದ ಮೇಲಿದೆ. ಅವರು ಚಪ್ಪಲಿ ಬಿಟ್ಟು, ನನ್ನ ತೋಳು ಹಿಡಿದು ಹತ್ತಿದರು. ನಾನು ಗೇಟಿನಲ್ಲೇ ನಿಲ್ಲಲು ಹೋದೆ, ಅವರು ಕೈ ಬಿಡಲಿಲ್ಲ.

ಒಳಗೆ ಎಲ್ಲ ಗೋರಿಗಳೂ ಒಂದೇ ಥರ ಇದ್ದವು. ನೀರು ಅವನ್ನೆಲ್ಲ ತಟ್ಟಿ ತಟ್ಟಿ ಸಮ ಮಾಡಿ, ಮೇಲೆ ಒಂದೇ ಕಪ್ಪು ಹೊದಿಕೆ ಹೊದಿಸಿತ್ತು. ಗುರುತಿಗೆಂದು ಅವರು ನೆನಪಿಟ್ಟುಕೊಂಡಿದ್ದ ಬೇವಿನ ಮರ ಕೊಳೆತು ಮಾಯವಾಗಿತ್ತು. ಜೈನಾಬಮ್ಮ ಒಂದರ ಹತ್ತಿರ ನಿಂತರು, ತಲೆಯಾಡಿಸಿದರು, ಇನ್ನೊಂದರ ಹತ್ತಿರ ಹೋದರು. ಹೀಗೆ ಸುತ್ತಿದರು. ಇಷ್ಟಕ್ಕಾಗಿಯೇ ಇಷ್ಟೆಲ್ಲ ಆಯಿತೇ ಎನ್ನಿಸಿತು. ಅವರು ಅತ್ತರೆ ಹೇಗೆ ಹಿಡಿಯಬೇಕೆಂದು ಯೋಚಿಸುತ್ತಿದ್ದೆ.

ಅವರು ನಗತೊಡಗಿದರು. "ನೋಡವ್ವ, ಬದುಕಿದ್ದಾಗ್ಲೂ ಹಿಂಗೇ. ಯಾವ ಬೀದೀಲಿ ತಿದಿ ಹೂಡಿದಾರೆ ಅಂತ ಬುತ್ತಿ ಹಿಡ್ಕೊಂಡು ಊರೆಲ್ಲ ಹುಡುಕ್ತಿದ್ದೆ."

"ಈಗ ಏನು ಮಾಡೋದಮ್ಮ?"

"ಏನು ಮಾಡೋದು? ಇಲ್ಲೇ ಎಲ್ಲೋ ಅವರೆ. ಎಲ್ಲಾನೂ ತೊಳೆದ್ರಾಯ್ತು."

ಹಾಗೆಯೇ ಮಾಡಿದರು. ಆಸ್ಪತ್ರೆಯಿಲ್ಲದ ದಿನಗಳಲ್ಲಿ ಒಂದು ಚೊಂಬು, ಒಂದು ಹಳೇ ಬ್ರಷ್ಷು ಹಿಡಿದು ಬಂದು, ಕೈಲಾದಷ್ಟು ತೊಳೆದು ಹೋಗುತ್ತಿದ್ದರು. ಯಾರ ಯಾರದೋ ಮಕ್ಕಳು, ಮೊಮ್ಮಕ್ಕಳು ನೀರು ಹೊತ್ತುಕೊಟ್ಟರು. ಹೆಸರು ಕೆತ್ತಿದ ಕಲ್ಲುಗಳು ಒಂದೊಂದಾಗಿ ಓದಲು ಬಂದವು. ಮಳೆಗಾಲ ಮುಗಿಯುವ ಹೊತ್ತಿಗೆ, ಗೋಡೆಗೆ ಹತ್ತಿಕೊಂಡ ಸಾಲಿನಲ್ಲಿ ಮೊಹಿದ್ದೀನ್ ಸಾಹೇಬರು ಸಿಕ್ಕಿದರು. ಪಕ್ಕದಲ್ಲಿ ಜಾಗವಿತ್ತು. ಚಳಿ ಶುರುವಾದಾಗ ಜೈನಾಬಮ್ಮನವರು ಆ ಜಾಗಕ್ಕೆ ಹೋದರು. ಇವರೂ ಚಿಕ್ಕವೀರಯ್ಯನವರೂ ಹೋಗಿ ಮೂರು ಮೂರು ಹಿಡಿ ಮಣ್ಣು ಹಾಕಿ ಬಂದರು.

ಆ ಮೊದಲ ದಿನ ದಿಬ್ಬದಿಂದ ಇಳಿಯುವ ಮುಂಚೆ ನಾವು ಗೋಡೆಯ ಹತ್ತಿರ ನಿಂತೆವು. ಅಲ್ಲಿಂದ ಇಡೀ ಊರು ಕಾಣುತ್ತದೆ. ನಡುವೆ ಕೆರೆ, ಬಿಸಿಲಿನಲ್ಲಿ ಅಲುಗದೆ ಬಿದ್ದಿತ್ತು. ಸಾಮಾನು ಸಾಗಿಸುವಾಗಲಾಗಲಿ, ಶೆಡ್ಡಿನಲ್ಲಿ ಒಲೆ ಹೂಡುವಾಗಲಾಗಲಿ ಬಾರದಿದ್ದ ಅಳು ನನಗೆ ಅಲ್ಲಿ ಬಂತು. ಎಲ್ಲಿ ಮನೆ, ಎಲ್ಲಿ ಬೀದಿ, ಒಂದೂ ಗೊತ್ತಾಗುತ್ತಿರಲಿಲ್ಲ. ಬರೀ ನೀರು.

ಜೈನಾಬಮ್ಮ ಸಮಾಧಾನ ಹೇಳಲಿಲ್ಲ. ನನ್ನ ಗಲ್ಲ ಹಿಡಿದು ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರು.

"ನೀರು ನೋಡಬ್ಯಾಡ. ನೀರು ನೋಡಿದ್ರೆ ಏನೂ ಕಾಣಲ್ಲ. ಹಕ್ಕಿ ನೋಡು. ಈಜೋ ಹಕ್ಕಿ ಅಲ್ಲ, ನಿಂತಿರೋ ಹಕ್ಕಿ. ನಡುನೀರಲ್ಲಿ ಹಕ್ಕಿ ನಿಂತೈತೆ ಅಂದ್ರೆ ಅದರ ಕಾಲ ಕೆಳಗೆ ಯಾರದೋ ಮಾಳಿಗೆ ಐತೆ ಅಂತ."

ಕಣ್ಣು ಒರೆಸಿಕೊಂಡು ನೋಡಿದೆ. ಒಂದು ನೀರುಕಾಗೆ ರೆಕ್ಕೆಗಳನ್ನು ಅಗಲಿಸಿ ಒಣಗಿಸಿಕೊಳ್ಳುತ್ತ, ನೀರಿನ ಮೇಲೆಯೇ ನಿಂತಿರುವಂತೆ ನಿಂತಿತ್ತು. ಅದರ ಬಲಕ್ಕೆ ಸ್ವಲ್ಪ ದೂರದಲ್ಲಿ ಎರಡು ಬೆಳ್ಳಕ್ಕಿ. ಬೆಳ್ಳಕ್ಕಿಗಳಿದ್ದದ್ದು ಮೂಲೆಮನೆಯ ಮೇಲಾದರೆ, ನೀರುಕಾಗೆ ನಿಂತಿರುವುದು ನಮ್ಮ ಗಿರಣಿಯ ಮೇಲೆ. ಅದರ ಪಕ್ಕಕ್ಕೆ ಒಂದು ಮಾರು ಆಚೆಗೆ ನನ್ನ ಅಡುಗೆಮನೆ.

"ಸಿಕ್ತಾ?" ಎಂದು ಕೇಳಿದರು.

"ಸಿಕ್ತು."

ಬಹಳ ಹೊತ್ತು ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ರೆಕ್ಕೆ ಒಣಗಿದ ಮೇಲೆ ಅದು ಹಾರಿಹೋಯಿತು. ಹೋದ ಮೇಲೂ ನನ್ನ ಮನೆ ಎಲ್ಲಿದೆಯೆಂದು ನಾನು ಹುಡುಕಬೇಕಾಗಲಿಲ್ಲ.